ಜಡದಿಂದ ಜೀವ ಹುಟ್ಟೀತೇ?

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನ, ಪ್ರಾಣಿಗಳ ವಿಷಯದಲ್ಲಿ ದಯೆ ದೃಢವಾಗಿರಬೇಕೆಂದು ವಿಧಿಸುತ್ತದೆ. ನೆರೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ಎರಡನ್ನೂ ನೋಡಿಬಂದ ಮಕ್ಕಳು ಕೇಳಬಹುದು: ದಯೆ ತೋರಬೇಕಾದ ಈ ಜೀವ ಜಡದಿಂದ ಆಕಸ್ಮಿಕವಾಗಿ ಹುಟ್ಟಿದ್ದೇ?

ವಿಜ್ಞಾನ: 1953ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಮಿಲ್ಲರ್ ಮೀಥೇನ್, ಅಮೋನಿಯಾ, ಹೈಡ್ರೋಜನ್ ಮತ್ತು ನೀರಾವಿಯ ಮಿಶ್ರಣಕ್ಕೆ ವಿದ್ಯುತ್ ಕಿಡಿ ಹಾಯಿಸಿ ಅಮೈನೋ ಆಮ್ಲಗಳನ್ನು ಪಡೆದರು. ಅವು ಜೀವಕೋಶದ ಸಾಮಗ್ರಿಗಳೇ ಹೊರತು ಜೀವಕೋಶವಲ್ಲ. ಸಂಶೋಧಕರು ಬರಿಯ ಆಕಸ್ಮಿಕವನ್ನಷ್ಟೇ ಕಾರಣವೆನ್ನುವುದಿಲ್ಲ. ರಾಸಾಯನಿಕ ನಿಯಮಗಳನ್ನೂ ದೀರ್ಘಕಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಜೈನ ದರ್ಶನ: ಜೀವವೂ ಪುದ್ಗಲವೂ ಅನಾದಿ ದ್ರವ್ಯಗಳು, ಒಂದು ಇನ್ನೊಂದಾಗದು. ಇವುಗಳಿಗೆ ಸೃಷ್ಟಿಕರ್ತನಿಲ್ಲ. ಜೀವದ ಲಕ್ಷಣ ಉಪಯೋಗ, ಅಂದರೆ ಅರಿಯುವ ಮತ್ತು ಕಾಣುವ ಚೈತನ್ಯ. ತತ್ತ್ವಾರ್ಥಸೂತ್ರದ 2ನೇ ಅಧ್ಯಾಯವು ಸಮ್ಮೂರ್ಛನ, ಗರ್ಭ, ಉಪಪಾದ ಎಂಬ 3 ಬಗೆಯ ಜನ್ಮಗಳನ್ನು ಹೇಳುತ್ತದೆ. ಸಮ್ಮೂರ್ಛನದಲ್ಲಿ ತಂದೆತಾಯಿಯರಿಲ್ಲದೆ ಸುತ್ತಲಿನ ಪುದ್ಗಲದಿಂದಲೇ ಶರೀರ ಕೂಡಿಕೊಳ್ಳುತ್ತದೆ. ಹುಟ್ಟುವ ಸ್ಥಾನವಾದ ಯೋನಿ ಅಚಿತ್ತವೂ ಆಗಿರಬಹುದು. ಆದರೆ ಅಲ್ಲಿಗೆ ಬರುವ ಜೀವ ಹಿಂದಿನ ಭವವನ್ನು ಬಿಟ್ಟು ಬಂದದ್ದು.

ಹೀಗಾಗಿ ಜಡವಸ್ತುವಿನಿಂದ ಶರೀರದ ಸಾಮಗ್ರಿ ಸಿದ್ಧವಾದರೆ ಜೈನ ತತ್ತ್ವಕ್ಕೆ ಬಾಧಕವಿಲ್ಲ. ಚೈತನ್ಯವೂ ಜಡದಿಂದಲೇ ಬಂತೆಂಬ ಮಾತನ್ನು ಮಾತ್ರ ಅದು ಒಪ್ಪುವುದಿಲ್ಲ. ಇದು ಪ್ರಯೋಗಶಾಲೆಯ ಫಲಿತಾಂಶವಲ್ಲ, ದರ್ಶನದ ನಿಲುವು. ಮಕ್ಕಳಿಗೂ ಹಾಗೆಂದೇ ತಿಳಿಸುವುದು ಪ್ರಾಮಾಣಿಕ.

ಆಚರಣೆಯಲ್ಲಿ ಈ ನಿಲುವು ದಿನವೂ ಕಾಣುತ್ತದೆ. ನೀರನ್ನು ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ತಂದ ಜಲಮೂಲಕ್ಕೇ ಮರಳಿ ಬಿಡುವುದು, ಕಣ್ಣಿಗೆ ಕಾಣದ ಆ ಜೀವಕ್ಕೂ ನಮ್ಮಂತೆಯೇ ಅನಾದಿಯ ಪಯಣವಿದೆ ಎಂಬ ನಂಬಿಕೆಯಿಂದ.