ಕೀಲಿಮಣೆಯೊಳಗಿನ ಪುಟ್ಟ ಗಣಕ

ಗಣಕದಲ್ಲಿ ಕನ್ನಡ ತಂತ್ರಾಂಶ ತೆರೆದು 'ಕ' ಗುಂಡಿಯನ್ನು ಒತ್ತುತ್ತೀರಿ. ಕೀಲಿಮಣೆಯ ತಂತಿಯಲ್ಲಿ ಹರಿದು ಹೋಗುವುದು ಏನು? 'ಕ' ಅಕ್ಷರ ಎಂದು ಉತ್ತರಿಸುವವರೇ ಹೆಚ್ಚು. ಆದರೆ ತಂತಿಯಲ್ಲಿ ಯಾವ ಅಕ್ಷರವೂ ಹೋಗುವುದಿಲ್ಲ, ಹೋಗುವುದು 14 ಎಂಬ ಸಂಖ್ಯೆ ಮಾತ್ರ. ಸ್ವಂತ ಕೀಲಿಮಣೆ ಕಟ್ಟಿಕೊಳ್ಳಲು ಯಾವ ಮೈಕ್ರೊಕಂಟ್ರೋಲರ್ ಫಲಕ ಕೊಳ್ಳಬೇಕು ಎಂಬ ಪ್ರಶ್ನೆಗೆ ಈ ಸಂಖ್ಯೆಯ ಇತಿಹಾಸದಲ್ಲೇ ಉತ್ತರವಿದೆ.

ಬೆರಳಚ್ಚು ಯಂತ್ರದ ಕಾಲದಲ್ಲಿ ಹೀಗಿರಲಿಲ್ಲ. ಗುಂಡಿ, ಸನ್ನೆ, ಅದರ ತುದಿಯಲ್ಲಿ ಅಚ್ಚು ಎಲ್ಲವೂ ಒಂದೇ ಲೋಹದ ಸರಪಳಿ. ಅಕ್ಷರ ಇದ್ದದ್ದು ಉಕ್ಕಿನಲ್ಲಿ. ಕನ್ನಡದ ಅಕ್ಷರ, ಕಾಗುಣಿತ, ಒತ್ತುಗಳನ್ನೆಲ್ಲ ಬೆರಳೆಣಿಕೆಯ ಗುಂಡಿಗಳಲ್ಲಿ ಹಿಡಿಸಿದ ಕೀಲಿ ವಿನ್ಯಾಸ ಅನಂತ ಸುಬ್ಬರಾವ್ ಅವರದು. ಅದು ಸಣ್ಣ ಸಾಧನೆಯಲ್ಲ. ಆದರೆ ಕನ್ನಡ ಯಂತ್ರ ಕನ್ನಡಕ್ಕೇ ಮೀಸಲು. ರಾಯಚೂರಿನ ಸ್ಥಿತಿಯನ್ನು ನೆನಪಿಸಿಕೊಳ್ಳಿ: ನಿಜಾಮರ ಆಳ್ವಿಕೆಯಲ್ಲಿ, ಅಂದರೆ 1948ರವರೆಗೆ, ಇಲ್ಲಿನ ಆಡಳಿತ ಭಾಷೆ ಉರ್ದು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಪಕ್ಕದಲ್ಲೇ ತೆಲುಗು ನಾಡು. ಮೂರು ಲಿಪಿಗಳಲ್ಲಿ ಬೆರಳಚ್ಚು ಮಾಡಬೇಕಾದರೆ ಮೂರು ಯಂತ್ರಗಳೇ ಬೇಕಾಗಿದ್ದವು. ಅದರಲ್ಲೂ ಉರ್ದುವಿಗೆ ಬಲದಿಂದ ಎಡಕ್ಕೆ ಬರೆಯುವ ಯಂತ್ರ!

ಅಕ್ಷರವನ್ನು ಗುಂಡಿಯಿಂದ ಬಿಡಿಸಿದ್ದು ಮೈಕ್ರೊಕಂಟ್ರೋಲರ್. 1981ರಲ್ಲಿ ಬಂದ ಐಬಿಎಂ ಪಿಸಿಯ ಕೀಲಿಮಣೆಯೊಳಗೆ ಇಂಟೆಲ್ 8048 ಎಂಬ ಚಿಪ್ ಇತ್ತು. ಅದರ ಶಾಶ್ವತ ಸ್ಮೃತಿ ಒಂದು ಕಿಲೋಬೈಟ್, ತಾತ್ಕಾಲಿಕ ಸ್ಮೃತಿ ಬರೇ 64 ಬೈಟ್. (ನಮ್ಮ ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಪ್ರಯೋಗಾಲಯಗಳಲ್ಲಿ ವರ್ಷಗಟ್ಟಲೆ ಕಲಿಸಿದ 8051 ಇದರ ತಮ್ಮ.) 83 ಗುಂಡಿಗಳ ಮೇಲೆ ಸದಾ ಕಣ್ಣಿಟ್ಟು, ಯಾವುದನ್ನು ಒತ್ತಲಾಯಿತು, ಯಾವುದನ್ನು ಬಿಡಲಾಯಿತು ಎಂದು ಗಣಕಕ್ಕೆ ವರದಿ ಮಾಡುವುದಷ್ಟೇ ಅದರ ಕೆಲಸ. 'ಕೆ' ಗುಂಡಿ ಒತ್ತಿದರೆ 37, ಬಿಟ್ಟರೆ ಅದಕ್ಕೆ 128 ಕೂಡಿಸಿ 165. ಆ ಸಂಖ್ಯೆಗೆ ಅರ್ಥ ಹಚ್ಚುವುದು ಗಣಕದ ತಂತ್ರಾಂಶದ ಹೊಣೆ.

ಈ ಹೊಣೆ ಹಂಚಿಕೆಯ ಲಾಭ ಕನ್ನಡಕ್ಕೆ ದೊರೆಯಿತು. ಕೆ.ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ 26 ಗುಂಡಿಗಳಲ್ಲೇ ಕನ್ನಡವನ್ನು ಕೂರಿಸುವ ಧ್ವನ್ಯಾತ್ಮಕ ವಿನ್ಯಾಸ ರೂಪಿಸಿದರು. ಅಲ್ಪಪ್ರಾಣಕ್ಕೆ ಗುಂಡಿ, ಅದರ ಮಹಾಪ್ರಾಣಕ್ಕೆ ಶಿಫ್ಟ್ ಜೊತೆ ಅದೇ ಗುಂಡಿ, ಒತ್ತಕ್ಷರ ಬೇಕಾದರೆ ನಡುವೆ 'ಎಫ್'. ಹೊಸ ಕೀಲಿಮಣೆ ತಯಾರಿಸುವ ಕಾರ್ಖಾನೆಯೇ ಬೇಕಾಗಲಿಲ್ಲ. ಕರ್ನಾಟಕ ಸರ್ಕಾರ ಇದನ್ನು ಶಿಷ್ಟ ವಿನ್ಯಾಸವೆಂದು ಒಪ್ಪಿತು, ಕನ್ನಡ ಗಣಕ ಪರಿಷತ್ತು 'ನುಡಿ'ಯಲ್ಲಿ ಅಳವಡಿಸಿತು. ಕೇಂದ್ರದ 'ಇನ್‌ಸ್ಕ್ರಿಪ್ಟ್' ಬೇರೆಯೇ ವಿನ್ಯಾಸ, ಭಾರತೀಯ ಮಾನಕವಾಗಿ 1991ರಲ್ಲಿ ಪ್ರಕಟವಾದದ್ದು. 'ಕ್ಯೂ' ಗುಂಡಿಯಿಂದ ಹೊರಡುವ ಸಂಖ್ಯೆ ಎರಡರಲ್ಲೂ ಒಂದೇ. ಆದರೆ ಪರದೆಯ ಮೇಲೆ ರಾವ್ ವಿನ್ಯಾಸದಲ್ಲಿ 'ಟ' ಮೂಡಿದರೆ, ಇನ್‌ಸ್ಕ್ರಿಪ್ಟ್‌ನಲ್ಲಿ ಔತ್ವ ಮೂಡುತ್ತದೆ.

ಆದ್ದರಿಂದ 'ಕನ್ನಡಕ್ಕೆ ಯಾವ ಫಲಕ ಒಳ್ಳೆಯದು?' ಎಂದು ಕೇಳಬೇಕಾಗಿಲ್ಲ. ಕೇಳಬೇಕಾದದ್ದು ಬೇರೆ: ಈ ಚಿಪ್ ತಾನೇ ಯುಎಸ್‌ಬಿ ಭಾಷೆ ಮಾತಾಡಬಲ್ಲದೆ?

1996ರಲ್ಲಿ ಯುಎಸ್‌ಬಿ ಬಂತು. ಗುಂಡಿಗಳ ಸಂಖ್ಯೆಗಳೂ ಬದಲಾದವು; 'ಕೆ' 37 ಹೋಗಿ 14 ಆಯಿತು. ಹಳೆಯ ಕೀಲಿಮಣೆ ಎರಡು ತಂತಿಗಳಲ್ಲಿ ಸರಳವಾಗಿ ಸಂಕೇತ ಕಳುಹಿಸುತ್ತಿತ್ತು. ಯುಎಸ್‌ಬಿಯಲ್ಲಿ ಹಾಗಾಗದು. ಸಾಧನ ಮೊದಲು 'ನಾನು ಕೀಲಿಮಣೆ' ಎಂದು ಪರಿಚಯ ಹೇಳಿಕೊಳ್ಳಬೇಕು, ಗಣಕ ಕೇಳಿದಾಗಲೆಲ್ಲ ಉತ್ತರಿಸಬೇಕು. ಅದಕ್ಕೆ ಚಿಪ್‌ನೊಳಗೇ ಪ್ರತ್ಯೇಕ ಮಂಡಲವಿದ್ದರೆ ಕೆಲಸ ಸಲೀಸು.

ಮಾನ್ವಿಯಲ್ಲೋ ದೇವದುರ್ಗದಲ್ಲೋ ಒಂದು ಶಾಲೆಯ ವಿಜ್ಞಾನ ಸಂಘ ಕೀಲಿಮಣೆ ಕಟ್ಟಲು ಹೊರಟಿದೆ ಎಂದುಕೊಳ್ಳಿ. ಪ್ರಯೋಗಾಲಯದ ಕಪಾಟಿನಲ್ಲಿ ಸಿಗುವುದು ಬಹುಪಾಲು ಆರ್ಡುಯಿನೊ ಉನೊ. ಇಲ್ಲಿಯೇ ಎಡವುವುದು. 2010ರ ಉನೊ ಫಲಕಕ್ಕೆ ಯುಎಸ್‌ಬಿ ಕಿಂಡಿಯೇನೋ ಇದೆ, ಆದರೆ ಅದರ ಮುಖ್ಯ ಚಿಪ್ ಎಟಿಮೆಗಾ328ಕ್ಕೆ ಯುಎಸ್‌ಬಿ ಬಾರದು. ಪಕ್ಕದಲ್ಲಿ ಕುಳಿತ ಇನ್ನೊಂದು ಪುಟ್ಟ ಚಿಪ್ ದುಭಾಷಿಯಂತೆ ಅನುವಾದಿಸುತ್ತದೆ. ಗಣಕಕ್ಕೆ ಕಾಣುವುದು ಸೀರಿಯಲ್ ಪೋರ್ಟ್, ಕೀಲಿಮಣೆಯಲ್ಲ. ದುಭಾಷಿ ಚಿಪ್‌ನ ತಂತ್ರಾಂಶವನ್ನೇ ಬದಲಿಸಿ ಕೆಲಸ ಸಾಧಿಸಿದವರಿದ್ದಾರೆ, ನಿಜ. ಮಕ್ಕಳ ಕೈಗೆ ಆ ಗೋಜು ಬೇಡ ಎಂಬುದು ನನ್ನ ಅನಿಸಿಕೆ. 2012ರ ಆರ್ಡುಯಿನೊ ಲಿಯೊನಾರ್ಡೊದಲ್ಲಿ ಎಟಿಮೆಗಾ32ಯು4 ಇದೆ, ಅದಕ್ಕೆ ಯುಎಸ್‌ಬಿ ಸ್ವಂತ ವಿದ್ಯೆ. 2023ರ ಉನೊ ಆರ್4 ಸಹ ಕೀಲಿಮಣೆಯಾಗಬಲ್ಲದು. ಹೆಸರು ನೋಡಿ ಕೊಳ್ಳಬೇಡಿ, ಚಿಪ್ ನೋಡಿ.

ಎರಡನೆಯ ಲೆಕ್ಕ ಕಾಲುಗಳದು. 61 ಗುಂಡಿಗಳ ಪುಟ್ಟ ಕೀಲಿಮಣೆಗೆ 61 ಪಿನ್ ಬೇಡ. ಗುಂಡಿಗಳನ್ನು ಅಡ್ಡಸಾಲು-ಕಂಬಸಾಲುಗಳಲ್ಲಿ ಜೋಡಿಸಿ, ಒಂದೊಂದೇ ಸಾಲಿಗೆ ಸಂಕೇತ ಕೊಟ್ಟು ಯಾವ ಕಂಬದಲ್ಲಿ ಉತ್ತರ ಬಂತೆಂದು ನೋಡಿದರಾಯಿತು. ಐದು ಅಡ್ಡಸಾಲು, ಹದಿನಾಲ್ಕು ಕಂಬ ಇದ್ದರೆ 19 ಪಿನ್ ಸಾಕು. ಆದರೆ 32ಯು4 ಚಿಪ್ ಇರುವ ಅಗ್ಗದ 'ಪ್ರೊ ಮೈಕ್ರೊ' ಫಲಕದಲ್ಲಿ ಬಳಕೆಗೆ ಸಿಗುವುದು 18! ಒಂದು ಪಿನ್‌ಗಾಗಿ ಫಲಕ ಬದಲಿಸಬೇಕೆ? ಬೇಕಿಲ್ಲ. ತಂತಿಗಳ ಜೋಡಣೆಯಲ್ಲಿ ಅಡ್ಡಸಾಲು ಎಂಟು, ಕಂಬ ಒಂಬತ್ತು ಮಾಡಿ: 17 ಪಿನ್‌ಗಳಲ್ಲಿ 72 ಗುಂಡಿಗಳಿಗೆ ಜಾಗ. ಗುಂಡಿಗಳು ಕಣ್ಣಿಗೆ ಕಾಣುವ ಸಾಲೂ ವಿದ್ಯುತ್ತಿನ ಸಾಲೂ ಒಂದೇ ಆಗಬೇಕಿಲ್ಲ. ಗಣಿತದ ತರಗತಿಗೆ ಇದೊಂದು ಒಳ್ಳೆಯ ಲೆಕ್ಕ: ಪಿನ್‌ಗಳ ಮೊತ್ತ ಸ್ಥಿರವಾಗಿದ್ದರೆ ಗುಣಲಬ್ಧ ಯಾವಾಗ ಗರಿಷ್ಠ?

ಪ್ರತಿ ಗುಂಡಿಗೂ ಒಂದು 1ಎನ್4148 ಡಯೋಡ್ ಮರೆಯಬೇಡಿ. ಇಲ್ಲದಿದ್ದರೆ ಆಯತದ ಮೂರು ಮೂಲೆಯ ಗುಂಡಿಗಳನ್ನು ಒಟ್ಟಿಗೆ ಒತ್ತಿದಾಗ ನಾಲ್ಕನೆಯದನ್ನೂ ಒತ್ತಿದಂತೆ ಚಿಪ್ ಭ್ರಮಿಸುತ್ತದೆ.

2021ರ ಜನವರಿಯಲ್ಲಿ ನಾಲ್ಕು ಡಾಲರ್ ಬೆಲೆಗೆ ಬಿಡುಗಡೆಯಾದ ರಾಸ್‌ಬೆರಿ ಪೈ ಪಿಕೊ ಈ ಲೆಕ್ಕಾಚಾರವನ್ನು ಹಗುರಗೊಳಿಸಿತು. ಸ್ವಂತ ಯುಎಸ್‌ಬಿ, 26 ಪಿನ್, 264 ಕಿಲೋಬೈಟ್ ತಾತ್ಕಾಲಿಕ ಸ್ಮೃತಿ. 32ಯು4ರಲ್ಲಿ ಇದು ಎರಡೂವರೆ ಕಿಲೋಬೈಟ್ ಮಾತ್ರ. ಪಿಕೊ ಮೇಲಿನ ಬಿಳಿ ಗುಂಡಿ ಒತ್ತಿಹಿಡಿದು ಗಣಕಕ್ಕೆ ಸಿಕ್ಕಿಸಿದರೆ ಪೆನ್ ಡ್ರೈವ್‌ನಂತೆ ಕಾಣುತ್ತದೆ, ಕಡತ ನಕಲಿಸಿದರೆ ಮುಗಿಯಿತು. 'ಕ್ಯುಎಂಕೆ' ಎಂಬ ಮುಕ್ತ ತಂತ್ರಾಂಶ ಎರಡೂ ಚಿಪ್‌ಗಳಲ್ಲಿ ಓಡುತ್ತದೆ. ಪೈಥಾನ್ ಕಲಿತವರಿಗೆ ಪಿಕೊ ಮೇಲೆ ಸರ್ಕಿಟ್‌ಪೈಥಾನ್ ಇದೆ. ಒಂದೇ ಎಚ್ಚರಿಕೆ: ಪಿಕೊ ಪಿನ್‌ಗಳು 3.3 ವೋಲ್ಟ್‌ನವು, 5 ವೋಲ್ಟ್ ತಾಗಿಸಬಾರದು. ಹೊಸದಾಗಿ ಕೊಳ್ಳುವ ಶಾಲೆಗೆ ನನ್ನ ಆಯ್ಕೆ ಪಿಕೊ.

ಫಲಕವೇ ನೇರವಾಗಿ 'ಕ' ಕಳುಹಿಸುವಂತೆ ಮಾಡಬಾರದೆ? ಯೂನಿಕೋಡ್‌ನಲ್ಲಿ 'ಕ' ಅಕ್ಷರಕ್ಕೆ 3221 ಎಂಬ ಸಂಖ್ಯೆ ಇದೆಯಲ್ಲ! ಕ್ಯುಎಂಕೆಯಲ್ಲಿ ಇದಕ್ಕೆ ದಾರಿಯಿದೆ. ಆದರೆ ಯುಎಸ್‌ಬಿ ಕೀಲಿಮಣೆಯ ನಿಯಮದಲ್ಲಿ ಅಕ್ಷರಕ್ಕೆ ಜಾಗವಿಲ್ಲದ್ದರಿಂದ, ಫಲಕವು ಹಲವು ಗುಂಡಿಗಳನ್ನು ಒತ್ತಿದಂತೆ ನಟಿಸಿ ಗಣಕದಿಂದ ಆ ಅಕ್ಷರ ಬರೆಸಬೇಕು. ಲಿನಕ್ಸ್‌ಗೆ ಒಂದು ಉಪಾಯ, ವಿಂಡೋಸ್‌ಗೆ ಇನ್ನೊಂದು. ಒಂದು ಗಣಕದಲ್ಲಿ ನಡೆದದ್ದು ಪಕ್ಕದ್ದರಲ್ಲಿ ನಡೆಯದು. ಗಣಕಕ್ಕೆ ಬಿಟ್ಟ ಕೆಲಸವನ್ನು ಗಣಕಕ್ಕೇ ಬಿಡುವುದು ವಾಸಿ.

ಲಿನಕ್ಸ್‌ನ ಕೀಲಿ ವಿನ್ಯಾಸಗಳ ಪಟ್ಟಿ ತೆರೆದು ನೋಡಿ. 'ಕಗಪ' ಎಂಬ ಹೆಸರು ಸಿಗುತ್ತದೆ, ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳು. ಕನ್ನಡಕ್ಕಷ್ಟೇ ಅಲ್ಲ, ತೆಲುಗು, ಹಿಂದಿ, ಮರಾಠಿಗಳಿಗೂ ಕಗಪ ಮಾದರಿಯ ವಿನ್ಯಾಸ ಅಲ್ಲಿದೆ. ಉರ್ದುವಿಗೂ ಬೇರೆಯದೇ ಧ್ವನ್ಯಾತ್ಮಕ ವಿನ್ಯಾಸವಿದೆ. ರಾಯಚೂರಿನ ವಿದ್ಯಾರ್ಥಿ ಕಟ್ಟಿದ ಒಂದೇ ಕೀಲಿಮಣೆಯಿಂದ 14 ಹೊರಟರೆ ಕನ್ನಡದ ಕ, ತೆಲುಗಿನ ಕ, ಉರ್ದುವಿನ ಕಾಫ್ ಮೂರೂ ಮೂಡುತ್ತವೆ. ಫಲಕದ ಒಂದು ತಂತಿಯನ್ನೂ ಬದಲಿಸಬೇಕಿಲ್ಲ. ಗುಂಡಿಗಳ ಮೇಲೆ ಅಕ್ಷರ ಅಂಟಿಸುವ ಕೆಲಸವನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ. ಕಗಪವೋ ಇನ್‌ಸ್ಕ್ರಿಪ್ಟೋ ಎಂಬುದು ಇತ್ಯರ್ಥವಾದ ಮೇಲೆ ಅಂಟಿಸಿದರೆ ಕೀಳುವ ಕೆಲಸ ಉಳಿಯುತ್ತದೆ.