ನೆಲಮಾಳಿಗೆ ಉಗ್ರಾಣದ ಕಾಂಕ್ರೀಟ್ ನೆಲ: ದುರಸ್ತಿಯ ಅಗತ್ಯವನ್ನು ಗುರುತಿಸುವ ವಿಧಾನ

ಕರಾವಳಿಯಲ್ಲಿ ವಾರ್ಷಿಕ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿಯುತ್ತದೆ. ಮಂಗಳೂರಿನ ಕೊಟ್ಟಾರ ಚೌಕಿಯಂತಹ ತಗ್ಗು ಪ್ರದೇಶಗಳಲ್ಲಿ ನೀರು ನಿಲ್ಲುವುದು ಮಳೆಗಾಲದ ಪರಿಚಿತ ಸಮಸ್ಯೆ. 2018ರ ಮೇ 29ರ ಭಾರೀ ಮಳೆಗೆ ನಗರದ ಅನೇಕ ತಗ್ಗು ಭಾಗಗಳು ಜಲಾವೃತವಾದವು. ಇಂತಹ ಸ್ಥಳಗಳಲ್ಲಿ ರಸ್ತೆಯ ಮಟ್ಟಕ್ಕಿಂತ ಕೆಳಗಿರುವ ಕೋಣೆಗಳಲ್ಲಿ ಚಾಲಿ ಅಡಿಕೆ, ಕೊಬ್ಬರಿ, ಭತ್ತ ಅಥವಾ ಪಶು ಆಹಾರವನ್ನು ದಾಸ್ತಾನು ಮಾಡುವವರು ಛಾವಣಿಯಷ್ಟೇ ನೆಲದ ಕಡೆಗೂ ಗಮನ ಹರಿಸಬೇಕು. ನೆಲದಿಂದ ಏರುವ ತೇವವು ಗೋಣಿಚೀಲದ ತಳವನ್ನು ಸೇರಿ ಬೂಷ್ಟಿಗೆ ಕಾರಣವಾಗುತ್ತದೆ. ಶೇ. 6ರಷ್ಟು ತೇವಾಂಶಕ್ಕೆ ಒಣಗಿಸಿದ ಕೊಬ್ಬರಿಯೂ ಒದ್ದೆ ನೆಲದ ಮೇಲೆ ಕೆಡುತ್ತದೆ.

ನೆಲ ಹಾಳಾಗಲು ಕಾರಣ

ಮುರಕಲ್ಲಿನ ಮಣ್ಣು ಮಳೆನೀರನ್ನು ಬೇಗನೆ ಹೀರುತ್ತದೆ. ಅಂತರ್ಜಲ ಮೇಲೇರಿದಾಗ ನೀರು ಕಾಂಕ್ರೀಟನ್ನು ಕೆಳಗಿನಿಂದ ಒತ್ತುತ್ತದೆ. 10 ಸೆಂ.ಮೀ. ದಪ್ಪದ ನೆಲದ ತೂಕ ಪ್ರತಿ ಚದರ ಮೀಟರಿಗೆ ಸುಮಾರು 240 ಕಿ.ಗ್ರಾಂ. ಸುತ್ತಲಿನ ಮಣ್ಣಿನಲ್ಲಿ ನೀರು ನೆಲದ ಮೇಲ್ಮೈಗಿಂತ 14–15 ಸೆಂ.ಮೀ. ಏರಿದರೂ ಆ ಒತ್ತಡವು ಈ ತೂಕಕ್ಕೆ ಸಮನಾಗುತ್ತದೆ. ಆದ್ದರಿಂದ ಒಳಗಿನಿಂದ ಗಾರೆ ಮೆತ್ತುವುದರಿಂದ ಮಾತ್ರ ಸಮಸ್ಯೆ ಪರಿಹಾರವಾಗದು.

ಗಮನಿಸಬೇಕಾದ ಲಕ್ಷಣಗಳು

• ಕೂದಲೆಳೆಯಂತಹ ಬಿರುಕು: ಕಾಂಕ್ರೀಟ್ ಒಣಗುವಾಗ ಕುಗ್ಗುವುದರಿಂದ ಉಂಟಾಗುತ್ತದೆ. ಅಗಲವಾಗದೆ, ಒಣಗಿಯೇ ಇದ್ದರೆ ಆತಂಕ ಬೇಡ.
• ಅಗಲವಾಗುತ್ತಿರುವ ಬಿರುಕು, ಅಥವಾ ಒಂದು ಬದಿ ಎತ್ತರ, ಇನ್ನೊಂದು ಬದಿ ತಗ್ಗಾಗಿರುವ ಬಿರುಕು: ಅಡಿಯ ಮಣ್ಣು ಕುಸಿದಿರುವ ಅಥವಾ ನೆಲ ಮೇಲೆದ್ದಿರುವ ಸೂಚನೆ.
• ಬಿಳಿ ಹುಡಿ: ಒಳಗಿನಿಂದ ಬಂದ ನೀರು ಆರಿದಾಗ ಉಳಿಯುವ ಲವಣ. ಗುಡಿಸಿದ ಮೇಲೆಯೂ ಮರಳಿ ಕಾಣಿಸಿಕೊಂಡರೆ ನೀರಿನ ಒಸರು ನಿಂತಿಲ್ಲವೆಂದು ತಿಳಿಯಬೇಕು.
• ಗೋಡೆ ಮತ್ತು ನೆಲ ಕೂಡುವಲ್ಲಿ ಒಸರು, ನೆಲದ ಮಧ್ಯಭಾಗದ ಉಬ್ಬು.
• ಗುಡಿಸಿದಷ್ಟೂ ಸಿಮೆಂಟಿನ ಧೂಳು ಏಳುವುದು, ಮೇಲ್ಪದರ ಚಕ್ಕೆಯಾಗಿ ಕಳಚುವುದು.
• ತುಕ್ಕಿನ ಕಲೆ: ಒಳಗಿನ ಕಬ್ಬಿಣದ ಸರಳಿಗೆ ನೀರು ತಗುಲಿರಬಹುದು.

ನೀವೇ ಮಾಡಬಹುದಾದ ಪರೀಕ್ಷೆಗಳು

1. ಪ್ಲಾಸ್ಟಿಕ್ ಹಾಳೆ ಪರೀಕ್ಷೆ: 45 ಸೆಂ.ಮೀ. ಚೌಕದ ಪಾರದರ್ಶಕ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚುಗಳನ್ನು ಟೇಪಿನಿಂದ ಗಾಳಿಯಾಡದಂತೆ ಅಂಟಿಸಿ. ಒಂದು ದಿನದ ನಂತರ ಹಾಳೆಯ ಅಡಿಯಲ್ಲಿ ಹನಿ ಕಂಡರೆ ಅಥವಾ ನೆಲ ಕಪ್ಪಾಗಿದ್ದರೆ ತೇವ ಕೆಳಗಿನಿಂದ ಬರುತ್ತಿದೆ. ಹನಿಗಳು ಹಾಳೆಯ ಮೇಲ್ಭಾಗದಲ್ಲಿ ಮಾತ್ರ ಇದ್ದರೆ ಅದು ಗಾಳಿಯ ತೇವ. ಅದಕ್ಕೆ ಗಾಳಿಯಾಡುವ ವ್ಯವಸ್ಥೆ ಮಾಡಬೇಕೇ ಹೊರತು ನೆಲವನ್ನು ಅಗೆಯಬೇಕಿಲ್ಲ.
2. ತಟ್ಟಿ ನೋಡುವುದು: ಸಣ್ಣ ಸುತ್ತಿಗೆಯಿಂದ ಅಲ್ಲಲ್ಲಿ ಮೆಲ್ಲನೆ ತಟ್ಟಿ. ಟೊಳ್ಳು ಶಬ್ದ ಬಂದಲ್ಲಿ ಮೇಲ್ಪದರ ಬಿಟ್ಟಿರಬಹುದು ಅಥವಾ ಅಡಿಯ ಮಣ್ಣು ಕೊಚ್ಚಿಹೋಗಿರಬಹುದು.
3. ಬಿರುಕಿನ ಗುರುತು: ಬಿರುಕಿನ ಎರಡೂ ತುದಿಗಳಿಗೆ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆಯಿರಿ. ಅಗಲವನ್ನೂ ಅಳೆದು ದಾಖಲಿಸಿ. ಮೇ, ಆಗಸ್ಟ್ ಮತ್ತು ಜನವರಿಯಲ್ಲಿ ಹೋಲಿಸಿ ನೋಡಿ.

ದುರಸ್ತಿ ಕ್ರಮಗಳು

ಮಳೆಗಾಲದಲ್ಲಿ ದೋಷವನ್ನು ಗುರುತಿಸಿ, ಜನವರಿಯಿಂದ ಏಪ್ರಿಲ್‌ವರೆಗಿನ ಒಣ ಅವಧಿಯಲ್ಲಿ ದುರಸ್ತಿ ಕೈಗೊಳ್ಳುವುದು ಸೂಕ್ತ. ಮೊದಲು ಹೊರಗಿನ ನೀರನ್ನು ದೂರ ಸಾಗಿಸಬೇಕು. ಮಾಡಿನ ನೀರಿಗೆ ದಂಬೆ ಅಳವಡಿಸಿ, ಗೋಡೆಯ ಬುಡದಿಂದ ಹೊರಕ್ಕೆ ಇಳಿಜಾರು ಕೊಡಿ, ಚರಂಡಿಯ ಹೂಳು ತೆಗೆಯಿರಿ. ಗೋಡೆಯ ಪಕ್ಕದಲ್ಲಿ ಇಂಗುಗುಂಡಿ ತೋಡಬಾರದು.

ಬೆಳೆಯದೆ ನಿಂತಿರುವ ಬಿರುಕನ್ನು ಕೆತ್ತಿ, ಧೂಳು ತೆಗೆದು, ಒದ್ದೆ ಮಾಡಿ, 1:3 ಪ್ರಮಾಣದ ಸಿಮೆಂಟ್–ಮರಳಿನ ಗಾರೆಯಿಂದ ತುಂಬಿ, ಕನಿಷ್ಠ 7 ದಿನ ನೀರುಣಿಸಿ. ಬೆಳೆಯುತ್ತಿರುವ ಬಿರುಕು, ಉಬ್ಬು, ತುಕ್ಕಿನ ಕಲೆ ಅಥವಾ ವಿಶಾಲವಾದ ಟೊಳ್ಳು ಕಂಡುಬಂದಲ್ಲಿ ಮೇಲ್ಪದರ ಹಾಕಿಸದೆ ಸಿವಿಲ್ ಎಂಜಿನಿಯರರಿಗೆ ತೋರಿಸಿ. ದುರಸ್ತಿಯಾಗುವವರೆಗೆ ಚೀಲಗಳನ್ನು ನೆಲದಿಂದ 15 ಸೆಂ.ಮೀ. ಎತ್ತರದ ಮರದ ಹಲಗೆಗಳ ಮೇಲೆ, ಗೋಡೆಗೆ ತಾಗದಂತೆ ಜೋಡಿಸಿ.

ನೀರು ನುಗ್ಗಿದಾಗ ಎಚ್ಚರಿಕೆ

ವಿದ್ಯುತ್ ಸಂಪರ್ಕ ಕಡಿತಗೊಳಿಸದೆ ಕೆಳಗಿಳಿಯಬಾರದು. ಡೀಸೆಲ್ ಪಂಪನ್ನು ನೆಲಮಾಳಿಗೆಯೊಳಗೆ ಚಾಲೂ ಮಾಡಬಾರದು, ಅದರ ಹೊಗೆ ಪ್ರಾಣಕ್ಕೆ ಅಪಾಯಕಾರಿ. ಹೊರಗಿನ ನೀರು ಇಳಿಯುವ ಮೊದಲೇ ಒಳಗಿನ ನೀರನ್ನು ಒಮ್ಮೆಲೇ ಖಾಲಿ ಮಾಡಬೇಡಿ. ಒಳಗಿನ ನೀರಿನ ಭಾರ ತಪ್ಪಿದೊಡನೆ ಹೊರಗಿನ ಒತ್ತಡಕ್ಕೆ ನೆಲ ಮೇಲೇಳಬಹುದು, ಗೋಡೆಯೂ ಕುಸಿಯಬಹುದು. ಹೊರಗಿನ ನೀರು ಇಳಿದ ನಂತರ, ದಿನಕ್ಕೆ ಸುಮಾರು ಮೂರನೇ ಒಂದು ಭಾಗದಂತೆ ಹೊರಹಾಕಿ.

ವಿಸ್ತರಣಾ ಕಾರ್ಯಕರ್ತರು ಉಗ್ರಾಣಕ್ಕೆ ಬೇಸಿಗೆಯಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಒಮ್ಮೆ ಭೇಟಿ ನೀಡುವುದು ಉತ್ತಮ. ಬೇಸಿಗೆಯಲ್ಲಿ ಒಣಗಿದಂತೆ ಕಾಣುವ ನೆಲದ ನಿಜಸ್ಥಿತಿ ತಿಳಿಯುವುದು ಮಳೆಗಾಲದಲ್ಲಿ ಮಾತ್ರ.