ಲಾರೆನ್ಸ್: ಎರಡು ಬಾರಿ ಕಟ್ಟಿದ ಊರು

ಅಮೆರಿಕ ಎಂದೊಡನೆ ವಾಚಕರ ಕಣ್ಣೆದುರು ನಿಲ್ಲುವುದು ನ್ಯೂಯಾರ್ಕಿನ ಮುಗಿಲುಮುಟ್ಟುವ ಕಟ್ಟಡಗಳು. ಲಾರೆನ್ಸಿನ ಹೆಸರನ್ನು ಕೇಳಿದವರು ವಿರಳ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಮೆರಿಮ್ಯಾಕ್ ನದಿಯ ದಂಡೆಯ ಮೇಲಿರುವ ಈ ಊರು ಹುಟ್ಟಿದ್ದೇ ಗಿರಣಿಗಳಿಗಾಗಿ. ಬಾಸ್ಟನ್ನಿನ ಹಣವಂತರು 1845ರಲ್ಲಿ ಕಲ್ಲಿನ ಅಣೆಕಟ್ಟನ್ನು ಆರಂಭಿಸಿ 1848ರಲ್ಲಿ ಮುಗಿಸಿದರು. ಕಲ್ಲು ಹೊತ್ತವರು ಐರಿಷ್ ಕೂಲಿಗಳು. ಆಮೇಲೆ ಜರ್ಮನರು, ಕೆನಡದ ಫ್ರೆಂಚರು, ಇಟಲಿ, ಪೋಲೆಂಡ್, ಸಿರಿಯಗಳ ಬಡವರು ಬಂದರು.

ಇವರ ಕೆಚ್ಚನ್ನು ಜಗತ್ತು ಕಂಡದ್ದು 1912ರಲ್ಲಿ. ಹೆಂಗಸರು ಮಕ್ಕಳ ದುಡಿಮೆಯನ್ನು ವಾರಕ್ಕೆ 56 ಗಂಟೆಯಿಂದ 54ಕ್ಕೆ ಇಳಿಸುವ ಕಾನೂನು ಬಂದಾಗ, ಮಾಲಿಕರು ಆ ಎರಡು ಗಂಟೆಯ ಕೂಲಿಯನ್ನೂ ಕಡಿದರು. ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ಜನ ನಡುಚಳಿಯಲ್ಲಿ ಎರಡು ತಿಂಗಳು ಕೆಲಸ ನಿಲ್ಲಿಸಿದರು. ಒಬ್ಬರ ಮಾತು ಮತ್ತೊಬ್ಬರಿಗೆ ತಿಳಿಯದು. ಸಭೆಗಳಲ್ಲಿ ಒಂದೊಂದು ಭಾಷಣವನ್ನೂ ಹಲವು ಭಾಷೆಗಳಿಗೆ ತಿರುಗಿಸಬೇಕಾಯಿತು. ಆದರೂ ಗೆದ್ದರು, ಮಾರ್ಚಿಯಲ್ಲಿ ಕೂಲಿ ಏರಿತು.

ಮುಂದೆ ಮಾಲಿಕರು ಕೂಲಿ ಅಗ್ಗವಾದ ದಕ್ಷಿಣ ರಾಜ್ಯಗಳತ್ತ ಹೊರಟರು. 1920ರಲ್ಲಿ 94,270 ಇದ್ದ ಜನಸಂಖ್ಯೆ 1980ಕ್ಕೆ 63,175ಕ್ಕೆ ಕುಸಿಯಿತು. ಹೀಗೆ ಊರು ಖಾಲಿಯಾಗುತ್ತಿದ್ದ ಕಾಲದಲ್ಲೇ ಸ್ಪ್ಯಾನಿಷ್ ನುಡಿಯುವವರು ಬರತೊಡಗಿದರು. ಪೋರ್ಟೊ ರಿಕೊದವರನ್ನು ಪರದೇಶಿಗಳೆನ್ನುವುದು ತಪ್ಪು. 1917ರಿಂದಲೇ ಅವರು ಅಮೆರಿಕದ ಪ್ರಜೆಗಳು. ಡೊಮಿನಿಕನ್ ಗಣರಾಜ್ಯದವರ ಕಥೆ ಬೇರೆ. ಅಲ್ಲಿ 1961ರಲ್ಲಿ ಸರ್ವಾಧಿಕಾರಿ ಟ್ರುಹಿಯೊ ಕೊಲೆಯಾದ. 1965ರಲ್ಲಿ ಅಂತರ್ಯುದ್ಧ ಹೊತ್ತಿ ಅಮೆರಿಕದ ಸೈನ್ಯವೂ ಇಳಿಯಿತು. ಆ ಕೋಲಾಹಲದ ವರ್ಷಗಳಲ್ಲಿ ಅನೇಕರು ಸಮುದ್ರ ದಾಟಿದರು. ಹಲವರು ನ್ಯೂಯಾರ್ಕಿನಲ್ಲಿ ಕೆಲಕಾಲವಿದ್ದು ಲಾರೆನ್ಸಿಗೆ ಬಂದರು. ಉಳಿದಿದ್ದ ಗಿರಣಿಗಳೂ ಸಣ್ಣ ಕಾರ್ಖಾನೆಗಳೂ ಕಡಮೆ ಕೂಲಿಗೆ ಅವರನ್ನು ಸೇರಿಸಿಕೊಂಡವು.

ಊರಿನ ಬಡತನಕ್ಕೆ ಇವರೇ ಕಾರಣವೆಂದು ಹಳಬರಲ್ಲಿ ಅನೇಕರು ದೂರಿದರು. ವರ್ಷಗಳ ಲೆಕ್ಕವನ್ನು ನೀವೇ ನೋಡಿ: ಕೆಲಸ ಹೋಗತೊಡಗಿದ್ದು ಮೊದಲು, ಇವರು ಬಂದದ್ದು ಆಮೇಲೆ. ತಮ್ಮ ಅಜ್ಜಂದಿರ ಮೇಲೂ ಇಂಥದೇ ದೂರಿತ್ತೆಂಬುದನ್ನು ಆ ಹಳಬರು ಮರೆತಿದ್ದರು! 1984ರ ಆಗಸ್ಟಿನಲ್ಲಿ ಎರಡು ರಾತ್ರಿ ಬೀದಿಯಲ್ಲಿ ದೊಂಬಿಯೇ ಆಯಿತು.

ಬಂದವರು ಹೋಗಲಿಲ್ಲ. ಮುಚ್ಚಿದ್ದ ಅಂಗಡಿಗಳ ಬಾಗಿಲು ತೆರೆದರು: ದಿನಸಿ, ಕ್ಷೌರ, ಊಟದ ಮನೆ, ತವರಿಗೆ ಹಣ ಕಳಿಸುವ ಕಚೇರಿ. ನಮ್ಮ ಪತ್ರಿಕೆಯ ವಾಚಕರಿಗೆ ಹಿತವೆನಿಸುವ ಮಾತೊಂದಿದೆ: ಸ್ಪ್ಯಾನಿಷ್ ನುಡಿಯ ಬಾನುಲಿಯೂ ಆ ಊರಿನಲ್ಲಿ ಕೇಳಿಬಂದಿತು. 2009ರಲ್ಲಿ ಡೊಮಿನಿಕನ್ ಗಣರಾಜ್ಯದಲ್ಲಿ ಹುಟ್ಟಿದ ವಿಲಿಯಂ ಲಾಂಟಿಗ್ವಾ ಅವರು ಮೇಯರಾಗಿ ಚುನಾಯಿತರಾದರು. 2020ರ ಗಣತಿಯಲ್ಲಿ ಜನಸಂಖ್ಯೆ 89,143. ನೂರಕ್ಕೆ ಎಂಬತ್ತಕ್ಕೂ ಮಿಕ್ಕಿದವರು ಸ್ಪ್ಯಾನಿಷ್ ಮೂಲದವರು.

ಬಡತನ ತೀರಿತೆಂದಲ್ಲ. ಲಾರೆನ್ಸ್ ಇಂದಿಗೂ ಆ ರಾಜ್ಯದ ಬಡ ನಗರಗಳಲ್ಲೊಂದು. 2011ರಲ್ಲಿ ಅಲ್ಲಿನ ಶಾಲೆಗಳ ಆಡಳಿತವನ್ನು ರಾಜ್ಯ ಸರಕಾರವೇ ವಹಿಸಿಕೊಳ್ಳಬೇಕಾಯಿತು. ಉಪಾಧ್ಯಾಯನಾದ ನನಗೆ ಈ ಸಂಗತಿ ಮಿಕ್ಕೆಲ್ಲಕ್ಕಿಂತ ಭಾರವಾಗಿ ತೋರುತ್ತದೆ. ಮನೆಯಲ್ಲಿ ಒಂದು ನುಡಿ, ಪಾಠದಲ್ಲಿ ಇನ್ನೊಂದು ನುಡಿಯಾದ ಮಕ್ಕಳೇ ಆ ತರಗತಿಗಳಲ್ಲಿ ಹೆಚ್ಚು.